ಕುರುವಾಯಿ ಹುಳುವಿನ ಆಹಾರ, ಬೆಳವಣಿಗೆ ಮತ್ತು ಸಂತಾನ: ತೆಂಗಿನ ತೋಟದವರಿಗೆ ಹಂತ ಹಂತದ ಮಾರ್ಗದರ್ಶಿ

ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಓದುಗರಿಂದ ಮಳೆಗಾಲದ ಆರಂಭದಲ್ಲಿ ತಪ್ಪದೆ ಬರುವ ಪ್ರಶ್ನೆಗಳು ಎರಡು. ಹಟ್ಟಿಗೊಬ್ಬರ ತೆಗೆಯುವಾಗ ಸಿಗುವ ಹೆಬ್ಬೆರಳು ಗಾತ್ರದ ಬಿಳಿ ಹುಳು ತೆಂಗಿನ ಬೇರನ್ನು ತಿನ್ನುತ್ತದೆಯೇ ಎಂಬುದು ಮೊದಲನೆಯದು. ಸುಳಿಯನ್ನು ಕೊರೆದು ನಾರು ಹೊರಹಾಕುವ ಕೊಂಬಿನ ಕರಿ ದುಂಬಿಯನ್ನು ಎಷ್ಟು ಹಿಡಿದರೂ ಮತ್ತೆ ಮತ್ತೆ ಬರುವುದು ಎಲ್ಲಿಂದ ಎಂಬುದು ಎರಡನೆಯದು. ಎರಡಕ್ಕೂ ಉತ್ತರ ಒಂದೇ ಜೀವಿಯಲ್ಲಿದೆ. ಆ ಬಿಳಿ ಹುಳು ಬೇರನ್ನು ಮುಟ್ಟುವುದಿಲ್ಲ, ಆದರೆ ಅದೇ ಮುಂದೆ ಸುಳಿ ಕೊರೆಯುವ ಕುರುವಾಯಿಯಾಗುತ್ತದೆ. ನಾವು ದುಂಬಿಯನ್ನು ಮರದ ಮೇಲೆ ಹುಡುಕುತ್ತಿರುವಾಗ ಅದರ ಮರಿಗಳನ್ನು ನಮ್ಮದೇ ಗುಂಡಿಯಲ್ಲಿ, ನಮ್ಮದೇ ಸಗಣಿ ಸೊಪ್ಪಿನಲ್ಲಿ ಸಾಕುತ್ತಿರುತ್ತೇವೆ. ಆದ್ದರಿಂದ ಈ ಕೀಟಕ್ಕೆ ಯಾವ ಆಹಾರ ಎಲ್ಲಿ ಸಿಗುತ್ತದೆ, ಆ ಆಹಾರ ಅದರ ಗಾತ್ರವನ್ನೂ ಮೊಟ್ಟೆಯನ್ನೂ ಹೇಗೆ ನಿರ್ಧರಿಸುತ್ತದೆ ಎಂದು ತಿಳಿದು ಕೆಲಸ ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಹೆಸರಿನ ಬಗ್ಗೆ ಒಂದು ಮಾತು. ಇದರ ವೈಜ್ಞಾನಿಕ ಹೆಸರು ಆರಿಕ್ಟೀಸ್ ರೈನೋಸೆರಸ್. ಕೃಷಿಭವನದಲ್ಲಿ ವಿಚಾರಿಸುವಾಗ ಅಥವಾ ಮಲಯಾಳದ ಕೈಪಿಡಿಗಳನ್ನು ನೋಡುವಾಗ ‘ಕೊಂಬನ್ ಚೆಲ್ಲಿ’ ಎಂಬ ಹೆಸರನ್ನು ಹುಡುಕಿ. ‘ಚೆಂಬನ್ ಚೆಲ್ಲಿ’ ಎಂದರೆ ಕೆಂಪುಮೂತಿ ಹುಳು. ಅದು ಬೇರೆಯೇ ಕೀಟ, ಅದರ ಚಿಕಿತ್ಸೆಯೂ ಬೇರೆ. ಈ ಎರಡನ್ನು ಅದಲುಬದಲು ಮಾಡಿಕೊಂಡು ಮದ್ದು ತಂದವರು ನಮ್ಮಲ್ಲಿ ಕಡಿಮೆಯಿಲ್ಲ.

ಎರಡು ವಯಸ್ಸು, ಎರಡು ಆಹಾರ

ಹೆಣ್ಣು ಕುರುವಾಯಿ ತೆಂಗಿನ ಮರದಲ್ಲಿ ಮೊಟ್ಟೆ ಇಡಲು ಬರುವುದಿಲ್ಲ. ಅಲ್ಲಿಗೆ ಅದು ಬರುವುದು ಊಟಕ್ಕೆ. ಮೊಟ್ಟೆ ಇಡುವುದು ಕೊಳೆಯುತ್ತಿರುವ ಸಸ್ಯಪದಾರ್ಥದಲ್ಲಿ, ಅಂದರೆ ಹಟ್ಟಿಗೊಬ್ಬರದ ಗುಂಡಿ, ಸೊಪ್ಪುಸದೆಯ ರಾಶಿ, ಕಡಿದು ಬಿಟ್ಟ ತೆಂಗಿನ ಕುತ್ತಿ, ಸತ್ತು ನಿಂತ ಮರದ ಕೊಳೆತ ತುದಿ ಇಂಥ ಕಡೆಗಳಲ್ಲಿ. ಮೊಟ್ಟೆ ಸುಮಾರು 3 ಮಿಲಿಮೀಟರ್ ಉದ್ದದ, ಹಳದಿ ಛಾಯೆಯ ಬಿಳಿ ಕಾಳಿನಂತಿರುತ್ತದೆ. 8ರಿಂದ 12 ದಿನಗಳಲ್ಲಿ ಮರಿ ಹೊರಬರುತ್ತದೆ. ಮರಿಹುಳು ಎರಡು ಬಾರಿ ಪೊರೆ ಕಳಚಿ ಮೂರು ಹಂತಗಳಲ್ಲಿ ಬೆಳೆಯುತ್ತದೆ. ಮೊದಲ ಹಂತಕ್ಕೆ 10ರಿಂದ 21 ದಿನ, ಎರಡನೆಯದಕ್ಕೆ 12ರಿಂದ 21 ದಿನ ಸಾಕು. ಮೂರನೆಯದಕ್ಕೆ ಮಾತ್ರ 60ರಿಂದ 165 ದಿನ ಬೇಕಾಗುತ್ತದೆ. ಬಳಿಕ ಅದು ಊಟ ಬಿಟ್ಟು 8ರಿಂದ 13 ದಿನ ಸುಮ್ಮನಿದ್ದು, ಗೂಡಿನೊಳಗೆ 17ರಿಂದ 28 ದಿನ ಕೋಶವಾಗಿ ಕಳೆದು ದುಂಬಿಯಾಗುತ್ತದೆ. ಕೋಶವೆಂದರೆ ಹುಳು ದುಂಬಿಯಾಗಿ ರೂಪ ಬದಲಿಸುವ, ಏನನ್ನೂ ತಿನ್ನದ ಅವಸ್ಥೆ.

ಮೂರನೆಯ ಹಂತದ ಅವಧಿ 60 ದಿನಗಳಿಂದ 165 ದಿನಗಳವರೆಗೆ ಹಿಗ್ಗಲು ಮುಖ್ಯ ಕಾರಣ ಆಹಾರ. ಅರೆಕೊಳೆತ, ತೇವವಿರುವ ಗೊಬ್ಬರ ಹೊಟ್ಟೆ ತುಂಬ ಸಿಕ್ಕ ಹುಳು ಬೇಗ ಬಲಿತು 6ರಿಂದ 10 ಸೆಂಟಿಮೀಟರ್ ಉದ್ದವಾಗುತ್ತದೆ. ಒಣಗಿದ, ಸತ್ವ ಕಳೆದುಕೊಂಡ ಪದಾರ್ಥದಲ್ಲಿ ಸಿಕ್ಕಿಬಿದ್ದ ಹುಳು ಸಾಯದಿದ್ದರೂ ನಿಧಾನವಾಗುತ್ತದೆ. ಮರಿಹುಳುವಿನ ಅವಸ್ಥೆಯೇ 14 ತಿಂಗಳವರೆಗೆ ಎಳೆದು, ಕೊನೆಗೆ ಚಿಕ್ಕ ದುಂಬಿಯಾಗಿ ಹೊರಬರುವುದೂ ಉಂಟು. ದುಂಬಿಯಾದ ಮೇಲೆ ಅದರ ಗಾತ್ರ ಬೆಳೆಯುವುದೇ ಇಲ್ಲ. ಗಂಡಿನ ಕೊಂಬಿನ ಉದ್ದವಾಗಲಿ, ಹೆಣ್ಣಿನ ಒಡಲಿನ ಗಾತ್ರವಾಗಲಿ ಮರಿಯಾಗಿದ್ದಾಗ ತಿಂದ ಊಟದಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ. ಹೆಣ್ಣು ಸಾಮಾನ್ಯವಾಗಿ 50ರಿಂದ 100ರ ಆಸುಪಾಸು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಮೊಟ್ಟೆ ಇಡುತ್ತದೆ. ಚಿಕ್ಕ ಒಡಲಿನಲ್ಲಿ ಮೊಟ್ಟೆಗೆ ಬೇಕಾದ ಕೊಬ್ಬಿನ ಸಂಗ್ರಹವೂ ಜಾಗವೂ ಕಡಿಮೆ ಎಂಬುದು ಕೀಟಲೋಕದಲ್ಲಿ ವ್ಯಾಪಕವಾಗಿ ಕಾಣುವ ನಿಯಮ.

ಒಣ ನಾರು, ಸಗಣಿ ಇಂಥವುಗಳಿಂದ ಇಷ್ಟು ದೊಡ್ಡ ಮೈ ಬೆಳೆಯುವುದು ಹೇಗೆ ಎಂದು ಆಶ್ಚರ್ಯವಾಗಬಹುದು. ಈ ಹುಳುವಿನ ಕರುಳಿನ ಹಿಂಭಾಗ ಹಸುವಿನ ಹೊಟ್ಟೆಯಂತೆ ಒಂದು ಹುದುಗುವ ಚೀಲವಾಗಿದೆ. ಅಲ್ಲಿರುವ ಸೂಕ್ಷ್ಮಾಣುಗಳು ನಾರನ್ನು ಒಡೆದು ಹುಳುವಿಗೆ ಬೇಕಾದ ರೂಪಕ್ಕೆ ತರುತ್ತವೆ. ಈ ವ್ಯವಸ್ಥೆಗೆ ತೇವವೂ ಹದವಾದ ಬಿಸಿಯೂ ಬೇಕು. 27ರಿಂದ 29 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 85ರಿಂದ 95ರಷ್ಟು ಗಾಳಿಯ ತೇವಾಂಶ ಇದಕ್ಕೆ ಅತ್ಯಂತ ಅನುಕೂಲ. ನಮ್ಮ ಜಿಲ್ಲೆಯ ಮಳೆಗಾಲದ ಗೊಬ್ಬರದ ಗುಂಡಿಯ ಒಳಭಾಗಕ್ಕೂ ಈ ಅಂಕಿಗಳಿಗೂ ಎಷ್ಟು ಹತ್ತಿರ ಎಂದು ನೀವೇ ಯೋಚಿಸಿ.

ದುಂಬಿಯ ಊಟ ಪೂರ್ತಿ ಬೇರೆ. ಅದು ರಾತ್ರಿ ಹಾರಿ ಬಂದು, ಮಡಲಿನ ಬುಡದ ಸಂದಿನಿಂದ ಒಳಸರಿದು, ಇನ್ನೂ ಬಿಡಿಸಿಕೊಳ್ಳದ ಎಳೆಯ ಸುಳಿಯನ್ನು ಜಗಿದು ರಸವನ್ನು ಹೀರುತ್ತದೆ. ನಾರನ್ನು ಹೊರಗೆ ತಳ್ಳುತ್ತದೆ. ಸುಳಿ ಬಿಡಿಸಿಕೊಂಡಾಗ ಗರಿಗಳಲ್ಲಿ ಕತ್ತರಿಯಿಂದ ಕತ್ತರಿಸಿದಂಥ ತ್ರಿಕೋನ ಗುರುತು ಕಾಣುವುದು ಇದರಿಂದಲೇ.

ಏನೇನು ಬೇಕು

ಪಿಕ್ಕಾಸು, ಬುಟ್ಟಿ, ಅಳತೆಯ ಟೇಪು, ಹಳೆಯ ನೋಟುಪುಸ್ತಕ, ದಪ್ಪ ಕಬ್ಬಿಣದ ತಂತಿಯಿಂದ ಮಾಡಿದ ಕೊಕ್ಕೆ ಮತ್ತು ಗ್ರಾಮ್ ಲೆಕ್ಕ ತೋರಿಸುವ ಸಣ್ಣ ತೂಕದ ಯಂತ್ರ ಇದ್ದರೆ ಸಾಕು. ಇವುಗಳ ಜೊತೆಗೆ ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿ, ಬೇವಿನ ಹಿಂಡಿ ಅಥವಾ ಮರೋಟಿ ಮರದ ಬೀಜದ ಹಿಂಡಿ, ಮರಳು ಮತ್ತು ನುಸಿಗುಳಿಗೆ ಬೇಕಾಗುತ್ತವೆ.

ಹಂತ 1: ಊಟದ ತಾಣಗಳ ಪಟ್ಟಿ ಮಾಡಿ

ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಮನೆಯ ಸುತ್ತ ಒಂದು ಸುತ್ತು ಹೊಡೆದು ಕೊಳೆಯುವ ಪದಾರ್ಥ ಎಲ್ಲೆಲ್ಲಿ ಇದೆ ಎಂದು ಬರೆದುಕೊಳ್ಳಿ. ಗೊಬ್ಬರದ ಗುಂಡಿ ಎಲ್ಲರಿಗೂ ನೆನಪಾಗುತ್ತದೆ. ಮರೆತುಹೋಗುವುದು ಹಟ್ಟಿಯ ಹಿಂದಿನ ತರಗೆಲೆಯ ರಾಶಿ, ಅಡಿಕೆ ಸಿಪ್ಪೆಯ ಗುಡ್ಡೆ, ತೋಡಿನ ಬದಿಗೆ ಉರುಳಿಸಿಟ್ಟ ತೆಂಗಿನ ಕಾಂಡ, ಗೋಬರ್ ಗ್ಯಾಸಿನಿಂದ ಹೊರಬಂದು ಒಣಗಿದ ಬಗ್ಗಡ, ಸಿಡಿಲು ಬಡಿದು ತಲೆ ಹೋದ ಮರ. ಸತ್ತು ನಿಂತ ಮರದ ತುದಿ ಅತ್ಯಂತ ಅಪಾಯಕಾರಿ, ಏಕೆಂದರೆ ಅಲ್ಲಿ ಮರಿಗಳಿವೆ ಎಂದು ಕೆಳಗಿನಿಂದ ಯಾರಿಗೂ ಕಾಣುವುದಿಲ್ಲ.

ಪ್ರತಿ ತಾಣದಲ್ಲೂ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳಕ್ಕೆ ಅಗೆದು, ಸಿಕ್ಕ ಹುಳುಗಳನ್ನು ಎಣಿಸಿ ಬರೆಯಿರಿ. ಮೇಲಿನ ನಾಲ್ಕು ಬೆರಳಷ್ಟನ್ನು ಕೆದಕಿ ‘ಹುಳು ಇಲ್ಲ’ ಎಂದು ತೀರ್ಮಾನಿಸುವುದು ಸಾಮಾನ್ಯವಾದ ತಪ್ಪು. ಬೇಸಿಗೆಯಲ್ಲಿ ಮೇಲ್ಪದರ ಒಣಗುವುದರಿಂದ ಹುಳುಗಳು ತೇವವನ್ನು ಅರಸಿ ಕೆಳಗಿಳಿದಿರುತ್ತವೆ.

ಹಂತ 2: ಹುಳು ಯಾವುದೆಂದು ಖಚಿತಪಡಿಸಿಕೊಳ್ಳಿ

ಗೊಬ್ಬರದಲ್ಲಿರುವ ಬಿಳಿ ಹುಳುಗಳೆಲ್ಲ ಕುರುವಾಯಿಯ ಮರಿಗಳಲ್ಲ. ಅವುಗಳಲ್ಲಿ ಕೆಲವು ಹೂದುಂಬಿಗಳ ಮರಿಗಳು. ಅವು ಗೊಬ್ಬರವನ್ನು ಪುಡಿಮಾಡಿ ಉಪಕಾರವನ್ನೇ ಮಾಡುತ್ತವೆ. ಗುರುತಿಸಲು ಹುಳುವನ್ನು ನೆಲದ ಮೇಲೆ ಬಿಟ್ಟು ಸ್ವಲ್ಪ ಹೊತ್ತು ನೋಡಿ. ಬೆನ್ನನ್ನು ಕೆಳಗೆ ಮಾಡಿ, ಕಾಲುಗಳನ್ನು ಆಕಾಶಕ್ಕೆ ಹಿಡಿದು, ಬೆನ್ನಿನ ಮೇಲೆಯೇ ತೆವಳಿ ಹೋದರೆ ಅದು ಹೂದುಂಬಿಯ ಮರಿ. ಅದರ ತಲೆಯೂ ಮೈಗೆ ಹೋಲಿಸಿದರೆ ಚಿಕ್ಕದು. ಅರ್ಧಚಂದ್ರದಂತೆ ಬಾಗಿ ಮಗ್ಗುಲಾಗಿ ಬಿದ್ದು ಒದ್ದಾಡುವ, ಗಟ್ಟಿಯಾದ ಕಂದು ತಲೆಯ, ಬಲವಾದ ಕರಿ ದವಡೆಯ ದೊಡ್ಡ ಹುಳು ಕುರುವಾಯಿಯದ್ದು. ಬಲಿತ ಹುಳುವಿನ ತಲೆಯೇ ಸುಮಾರು ಒಂದು ಸೆಂಟಿಮೀಟರ್ ಅಗಲವಿರುತ್ತದೆ.

ಅಡಿಕೆ ತೋಟದಲ್ಲಿ ಬೇರು ಕಡಿಯುವ ಬೇರುಹುಳುವೂ ನೋಡಲು ಹೀಗೆಯೇ ಇದೆ. ಆದರೆ ಅದು ಸಿಗುವುದು ಮಣ್ಣಿನಲ್ಲಿ, ಜೀವಂತ ಬೇರುಗಳ ಬಳಿ. ಅದರ ಹಿಂಭಾಗದ ತಳದಲ್ಲಿ ಬಾಚಣಿಗೆಯ ಹಲ್ಲಿನಂತೆ ಎರಡು ಸಾಲು ಗಿಡ್ಡ ಮುಳ್ಳುರೋಮಗಳಿವೆ. ಕುರುವಾಯಿಯ ಮರಿಯಲ್ಲಿ ಅಂಥ ಕ್ರಮಬದ್ಧವಾದ ಸಾಲು ಇಲ್ಲ. ಮಕ್ಕಳ ಭೂತಗನ್ನಡಿ ಇದಕ್ಕೆ ಸಾಕು. ಗೊಬ್ಬರದ ಜೊತೆ ಬೇರುಹುಳು ಬಂತು ಎಂಬ ದೂರನ್ನು ಪರಿಶೀಲಿಸಿದಾಗ ಈ ಎರಡನ್ನು ಒಂದೆಂದು ಭಾವಿಸಿದ್ದೇ ಬಹುಪಾಲು ಕಾರಣವಾಗಿರುತ್ತದೆ.

ಹಂತ 3: ಗೊಬ್ಬರಕ್ಕೆ ವಯಸ್ಸಿನ ಮಿತಿ ಹಾಕಿ

ಮೇಲೆ ಹೇಳಿದ ಎಲ್ಲ ಅವಸ್ಥೆಗಳ ಅತಿ ಕಡಿಮೆ ದಿನಗಳನ್ನು ಕೂಡಿಸಿದರೆ ಮೊಟ್ಟೆಯಿಂದ ದುಂಬಿಯವರೆಗೆ ಸುಮಾರು 115 ದಿನ ಆಗುತ್ತದೆ. ಊಟ ಕೆಟ್ಟು 14 ತಿಂಗಳವರೆಗೆ ಎಳೆಯುವ ಹುಳುಗಳನ್ನು ಬಿಟ್ಟರೆ, ಅತಿ ಹೆಚ್ಚಿನ ದಿನಗಳನ್ನು ಕೂಡಿಸಿದಾಗ 260 ದಿನ. ಅಂದರೆ ಎಷ್ಟೇ ಒಳ್ಳೆಯ ಊಟ ಸಿಕ್ಕರೂ ನಾಲ್ಕು ತಿಂಗಳಿಗೆ ಸ್ವಲ್ಪ ಮೊದಲು ಯಾವ ದುಂಬಿಯೂ ಹೊರಬರುವುದು ಕಷ್ಟ. ಈ ಲೆಕ್ಕವನ್ನು ಇಟ್ಟುಕೊಂಡು, ಯಾವ ಗೊಬ್ಬರವೂ ಮೂರು ತಿಂಗಳಿಗಿಂತ ಹೆಚ್ಚು ಕಾಲ ಅಲುಗಾಡದೆ ಬಿದ್ದಿರದಂತೆ ನೋಡಿಕೊಂಡರೆ ಗುಂಡಿಯಲ್ಲಿ ಮೊಟ್ಟೆ ಬಿದ್ದರೂ ದುಂಬಿ ಏಳುವುದಿಲ್ಲ.

ನಮ್ಮಲ್ಲಿ ರೂಢಿಯಲ್ಲಿರುವ ಕ್ರಮವೆಂದರೆ ಮೇಲಿನಿಂದ ಹೊಸ ಸಗಣಿ ಹಾಕುತ್ತಾ, ಬೇಕಾದಾಗ ಒಂದು ಬದಿಯಿಂದ ತೆಗೆಯುತ್ತಾ ಹೋಗುವುದು. ಆಗ ತಳದ ಮೂಲೆಗಳಲ್ಲಿನ ಗೊಬ್ಬರ ವರ್ಷಗಟ್ಟಲೆ ಉಳಿಯುತ್ತದೆ. ಹುಳುವಿನ ಕೋಶಗಳು ಸುರಕ್ಷಿತವಾಗಿರುವುದು ಆ ಮೂಲೆಗಳಲ್ಲೇ. ಒಂದು ದೊಡ್ಡ ಗುಂಡಿಯ ಬದಲು ಎರಡು ಸಣ್ಣ ಗುಂಡಿ ಮಾಡಿ, ಒಂದನ್ನು ತುಂಬಿಸುವಾಗ ಇನ್ನೊಂದನ್ನು ತಳದವರೆಗೆ ಖಾಲಿ ಮಾಡುವ ಪದ್ಧತಿಗೆ ಬದಲಾಗುವುದು ಈ ಲೇಖನದಲ್ಲಿ ಹೇಳುವ ಎಲ್ಲ ಕೆಲಸಗಳಿಗಿಂತ ಹೆಚ್ಚು ಫಲ ಕೊಡುತ್ತದೆ ಎಂದು ನನ್ನ ಅಭಿಪ್ರಾಯ. ಖರ್ಚು ಒಂದು ದಿನದ ಆಳಿನ ಕೂಲಿ ಮಾತ್ರ.

ಖಾಲಿ ಮಾಡುವಾಗ ಸಿಗುವ ಹುಳುಗಳನ್ನು ಬುಟ್ಟಿಗೆ ಹಾಕಿ ಕೋಳಿಗಳಿಗೆ ಕೊಡಿ, ಇಲ್ಲವೇ ಸಾಬೂನು ನೀರಿನಲ್ಲಿ ಮುಳುಗಿಸಿ. ಜೀವಂತವಾಗಿ ಅಂಗಳದ ಬದಿಗೆ ಎಸೆದರೆ ಅವು ಹತ್ತಿರದ ತರಗೆಲೆಯೊಳಗೆ ಇಳಿದು ಬದುಕಿಕೊಳ್ಳುತ್ತವೆ. ಹುಳುವಿರುವ ಗೊಬ್ಬರವನ್ನು ಹಾಗೆಯೇ ತೆಂಗಿನ ಬುಡಕ್ಕೆ ಹಾಕಿ ಸೊಪ್ಪು ಮುಚ್ಚುವುದಂತೂ ದೊಡ್ಡ ತಪ್ಪು. ಬೇರಿಗೆ ಹಾನಿಯಾಗದಿದ್ದರೂ, ಬಲಿಯಲು ಬೇಕಾದ ಊಟವನ್ನೂ ತೇವವನ್ನೂ ಒದಗಿಸಿ ದುಂಬಿಯನ್ನು ಮರದ ಬುಡದಲ್ಲಿಯೇ ಎಬ್ಬಿಸಿದಂತಾಗುತ್ತದೆ.

ಹಂತ 4: ಊಟವನ್ನೇ ಒಗ್ಗದಂತೆ ಮಾಡಿ

ಗೊಬ್ಬರವನ್ನು ಅಷ್ಟು ಬೇಗ ತೆಗೆಯಲಾಗದವರಿಗೆ ಮೂರು ದಾರಿಗಳಿವೆ.

ಮೊದಲನೆಯದು ಬಿಸಿ. ಹಸಿ ಸಗಣಿ ಮತ್ತು ಹಸಿರು ಸೊಪ್ಪನ್ನು ಪದರ ಪದರವಾಗಿ ಒಂದು ಮೀಟರಿನಷ್ಟು ಎತ್ತರಕ್ಕೆ ಒಟ್ಟಿದರೆ ಕೆಲವೇ ದಿನಗಳಲ್ಲಿ ರಾಶಿಯ ಒಳಗೆ ಕೈ ಇಡಲಾಗದಷ್ಟು ಬಿಸಿ ಏಳುತ್ತದೆ. ಆ ಬಿಸಿಯಲ್ಲಿ ಮರಿಹುಳು ಬದುಕುವುದಿಲ್ಲ. ಎರಡು ವಾರಕ್ಕೊಮ್ಮೆ ಹೊರಗಿನದು ಒಳಗೆ ಬರುವಂತೆ ತಿರುವಿ ಹಾಕಬೇಕು. ತಿರುವದೆ ಬಿಟ್ಟರೆ ತಣ್ಣಗಿರುವ ಅಂಚುಗಳಲ್ಲಿ ಹುಳು ನೆಲೆಸುತ್ತದೆ. ತೆಳುವಾಗಿ ಹರಡಿದ ರಾಶಿಯಲ್ಲಿ ಬಿಸಿ ಏಳುವುದೇ ಇಲ್ಲ ಎಂಬುದನ್ನೂ ಗಮನಿಸಿ.

ಎರಡನೆಯದು ಒಂದು ಗಿಡ. ಮಲಯಾಳದಲ್ಲಿ ಪೆರುವಲಂ ಎನ್ನುವ, ಸಸ್ಯಶಾಸ್ತ್ರದಲ್ಲಿ ಕ್ಲೆರೋಡೆಂಡ್ರಮ್ ಇನ್‌ಫಾರ್ಚುನೇಟಮ್ ಎಂಬ ಹೆಸರಿನ ಪೊದೆ ನಮ್ಮ ಗುಡ್ಡೆಯ ಬದಿಗಳಲ್ಲಿ, ರಸ್ತೆಯಂಚಿನಲ್ಲಿ ತಾನಾಗಿ ಬೆಳೆಯುತ್ತದೆ. ಅಗಲವಾದ ಒರಟು ಎಲೆ, ಗೊಂಚಲು ಗೊಂಚಲಾದ ಬಿಳಿ ಹೂ, ಹೂ ಹೋದ ಮೇಲೆ ಕೆಂಪು ದಳಪಾತ್ರೆಯ ನಡುವೆ ಕೂತ ಕಪ್ಪು ಹಣ್ಣು ಇದರ ಗುರುತು. ಇದನ್ನು ಹೂ ಬಿಡುವ ಮೊದಲು ಬೇರು ಸಹಿತ ಕಿತ್ತು, ಕತ್ತರಿಸಿ, ಗೊಬ್ಬರದ ತೂಕದ ಹತ್ತನೇ ಒಂದು ಪಾಲಿನಷ್ಟು, ಅಂದರೆ 100 ಕಿಲೋ ಗೊಬ್ಬರಕ್ಕೆ 10 ಕಿಲೋದಂತೆ ಬೆರೆಸಬೇಕು. ಇದನ್ನು ತಿಂದ ಹುಳುವಿನ ಬೆಳವಣಿಗೆಯನ್ನು ನಡೆಸುವ ರಸಗಳ ಕ್ರಮ ತಪ್ಪುತ್ತದೆ. ಪೊರೆ ಸರಿಯಾಗಿ ಕಳಚುವುದಿಲ್ಲ. ಕೋಶವಾಗುವಾಗ ಅರ್ಧ ಹುಳು ಅರ್ಧ ಕೋಶದಂಥ ವಿಕಾರ ರೂಪಗಳು ಹುಟ್ಟಿ ಸಾಯುತ್ತವೆ. ಆಹಾರವೊಂದರ ಸಣ್ಣ ಪಾಲು ಕೀಟದ ಇಡೀ ಬಾಳನ್ನು ಕೆಡಿಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ತೋಟಗಳಲ್ಲಿ ಬೇರೊಂದಿಲ್ಲ. ಆದರೆ ಎರಡು ಹಿಡಿ ಸೊಪ್ಪು ಮೇಲಿನಿಂದ ಎಸೆದು ಫಲ ಕಾಯುವುದು ವ್ಯರ್ಥ. ಪ್ರಮಾಣವೂ ಬೇಕು, ಹುಳು ಇರುವ ಆಳದವರೆಗೆ ಬೆರೆಯಲೂ ಬೇಕು.

ಮೂರನೆಯದು ಮೆಟಾರೈಜಿಯಂ. ಇದು ಕೀಟದ ಚರ್ಮದ ಮೂಲಕ ಒಳಹೊಕ್ಕು ಬೆಳೆಯುವ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ. 1879ರಲ್ಲಿ ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ ಗೋಧಿಯ ದುಂಬಿಯೊಂದರ ಮರಿಗಳಲ್ಲಿ ಇದನ್ನು ವಿವರಿಸಿದರು. ಸೋಂಕು ತಗಲಿದ ಹುಳು ಊಟ ಬಿಟ್ಟು, ಸತ್ತು ಗಟ್ಟಿಯಾಗಿ, ಮೊದಲು ಬಿಳಿಯ, ಆಮೇಲೆ ಹಸಿರು ಬೂಷ್ಟಿನಿಂದ ಮುಚ್ಚಿಹೋಗುತ್ತದೆ. ಎರೆಹುಳು ಗೊಬ್ಬರ ಮಾಡುವವರೂ ಇದನ್ನು ಬಳಸಬಹುದು. ಎರೆಹುಳುಗಳಿಗೆ ಇದರಿಂದ ಹಾನಿಯಿಲ್ಲ.

ಶಿಫಾರಸಾದ ಪ್ರಮಾಣ ಒಂದು ಘನಮೀಟರ್ ಗೊಬ್ಬರಕ್ಕೆ 50,000 ಕೋಟಿ ಬೀಜಕಣಗಳು. ಬೀಜಕಣವೆಂದರೆ ಶಿಲೀಂಧ್ರ ಹರಡುವ ಅತಿಸೂಕ್ಷ್ಮ ಕಣ. ಅಂಕಿ ದೊಡ್ಡದಾಗಿ ಕಂಡರೂ ಲೆಕ್ಕ ಸುಲಭ. ಗುಂಡಿಯ ಉದ್ದ, ಅಗಲ, ಆಳಗಳನ್ನು ಮೀಟರಿನಲ್ಲಿ ಅಳೆದು ಗುಣಿಸಿ. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 1 ಮೀಟರ್ ಆಳದ ಗುಂಡಿ 3 ಘನಮೀಟರ್ ಆಗುತ್ತದೆ. ಪೊಟ್ಟಣದ ಮೇಲೆ ಗ್ರಾಮಿಗೆ 100 ಕೋಟಿ ಬೀಜಕಣ ಎಂದಿದ್ದರೆ ಘನಮೀಟರಿಗೆ 500 ಗ್ರಾಮ್, ಅಂದರೆ ಈ ಗುಂಡಿಗೆ ಒಂದೂವರೆ ಕಿಲೋ ಬೇಕು. ಗ್ರಾಮಿಗೆ 10 ಕೋಟಿ ಎಂದಿದ್ದರೆ ಹತ್ತು ಪಟ್ಟು, ಅಂದರೆ 15 ಕಿಲೋ. ಚೀಟಿಯನ್ನು ಓದದೆ ‘ಒಂದು ಗುಂಡಿಗೆ ಒಂದು ಪೊಟ್ಟಣ’ ಎಂಬ ಲೆಕ್ಕ ಹಿಡಿದವರಿಗೆ ಫಲ ಸಿಗದಿರುವುದು ಸಹಜ. ಚೀಟಿಯಲ್ಲಿ ತಯಾರಾದ ದಿನವನ್ನೂ ನೋಡಿ, ಏಕೆಂದರೆ ಇದು ಜೀವವಿರುವ ಪದಾರ್ಥ. ಹಳೆಯದಾದರೆ, ಬಿಸಿಲಲ್ಲಿ ಇಟ್ಟಿದ್ದರೆ ಸತ್ತಿರುತ್ತದೆ.

ನೀರಿನಲ್ಲಿ ಕಲಸಿ ಸಂಜೆಯ ಹೊತ್ತು, ಗೊಬ್ಬರವನ್ನು ಪದರ ಪದರವಾಗಿ ತೆರೆಯುತ್ತಾ ಹಾಕಿ, ಮತ್ತೆ ಮುಚ್ಚಿ, ತೇವ ಆರದಂತೆ ಮೇಲೆ ಮಡಲು ಹಾಸಿ. ನಮ್ಮ ಕಡೆಯವರು ವಿಶೇಷವಾಗಿ ಎಚ್ಚರ ವಹಿಸಬೇಕಾದ ವಿಷಯವೊಂದಿದೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಪಂಪು, ಡ್ರಮ್ಮು, ಬಕೆಟುಗಳನ್ನು ಈ ಕೆಲಸಕ್ಕೆ ಬಳಸಬೇಡಿ. ಅವುಗಳನ್ನು ತೊಳೆದ ನೀರನ್ನು ಗುಂಡಿಗೆ ಚೆಲ್ಲಬೇಡಿ. ಬೋರ್ಡೋ ಇರುವುದೇ ಶಿಲೀಂಧ್ರವನ್ನು ಕೊಲ್ಲಲು. ಅದು ಕೊಳೆರೋಗದ ಶಿಲೀಂಧ್ರ, ಮೆಟಾರೈಜಿಯಂ ಎಂದು ಭೇದ ಮಾಡುವುದಿಲ್ಲ. ಒಂದು ವರ್ಷ ನಮ್ಮ ಗುಂಡಿಯಲ್ಲಿಯೂ ಹೀಗೆಯೇ ಆಗಿ ಇಡೀ ಪ್ರಯತ್ನ ಹಾಳಾಗಿತ್ತು.

ಗುಂಡಿಗೆ ವಿಷದ ಪುಡಿ ಹಾಕಿದರೆ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಆ ಗೊಬ್ಬರ ಮುಂದೆ ನಮ್ಮ ತರಕಾರಿಯ ಬುಡಕ್ಕೂ ಹೋಗುತ್ತದೆ, ಆ ಹುಳುಗಳನ್ನು ನಮ್ಮ ಕೋಳಿಗಳು ಹೆಕ್ಕುತ್ತವೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಪಂಚಾಯತುಗಳಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಉಳಿಸಿಹೋದ ಸಂಕಟವನ್ನು ಕಣ್ಣಾರೆ ಕಂಡಿರುವ ಜಿಲ್ಲೆಯವರು ನಾವು. ಇನ್ನೊಂದು ದಾರಿ ಇರುವಾಗ ಆ ದಾರಿಯನ್ನೇ ಹಿಡಿಯಬೇಕೆಂದು ನಾನು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಹಂತ 5: ಸತ್ತ ಮರ ಮತ್ತು ಕುತ್ತಿಗಳು

ತೆಂಗು ಸತ್ತ ಕೂಡಲೇ ಕಡಿದು ಸೀಳಿ ಒಣಗಿಸಿ ಸೌದೆಗೆ ಬಳಸಿ. ತುಂಡುಗಳನ್ನು ತೋಡಿನ ಬದಿಗೆ ಉರುಳಿಸಿ ಬಿಡಬೇಡಿ. ಕಾಂಡದ ಒಳಗಿನ ಮೃದುವಾದ ಭಾಗ ಕೊಳೆತಾಗ ಹುಳುವಿಗೆ ಊಟ, ತೇವ, ಗೋಡೆ ಮೂರೂ ಒಟ್ಟಿಗೆ ಸಿಗುತ್ತವೆ. ಬೇರು ಸಹಿತ ಕೀಳಲಾಗದ ಕುತ್ತಿಯನ್ನು ನೆಲದ ಮಟ್ಟಕ್ಕೆ ಕಡಿದು, ಮೇಲೆ ಮಣ್ಣು ಗಟ್ಟಿಯಾಗಿ ಮುಚ್ಚಿ.

ಹಂತ 6: ದುಂಬಿಗೆ ಸುಳಿಯ ಊಟ ತಪ್ಪಿಸಿ

ನಮ್ಮ ಗುಂಡಿ ಶುದ್ಧವಾಗಿದ್ದರೂ ನೆರೆಯ ತೋಟದಿಂದ ದುಂಬಿ ಹಾರಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದರ ಹಾವಳಿ ಹೆಚ್ಚು. ಗೂಡಿನಿಂದ ಹೊರಬಂದ ದುಂಬಿ ಮೊದಲು ಹುಡುಕುವುದು ತೆಂಗಿನ ಸುಳಿಯನ್ನು, ಮೊಟ್ಟೆಯ ಕೆಲಸ ಆಮೇಲಿನದು. ಆದ್ದರಿಂದ ಸುಳಿಗೆ ಹೋಗುವ ದಾರಿಯನ್ನು ಮುಚ್ಚಿದರೆ ಮರವೂ ಉಳಿಯುತ್ತದೆ, ಮುಂದಿನ ಪೀಳಿಗೆಗೂ ಪೆಟ್ಟು ಬೀಳುತ್ತದೆ.

ಎಳೆಯ ಸಸಿಗಳಿಗೆ ಸುಳಿಯ ಸುತ್ತಲಿನ ಒಳಗಿನ ಮಡಲುಗಳ ಸಂದಿನಲ್ಲಿ 3ರಿಂದ 4 ನುಸಿಗುಳಿಗೆ, ಅಂದರೆ ಸುಮಾರು 12 ಗ್ರಾಮ್ ಇಟ್ಟು ಮರಳು ಮುಚ್ಚಿ. 45 ದಿನಕ್ಕೊಮ್ಮೆ ಮತ್ತೆ ಇಡಿ. ಫಲ ಕೊಡುವ ಮರಗಳಿಗೆ ಬೇವಿನ ಹಿಂಡಿ ಅಥವಾ ಮರೋಟಿ ಹಿಂಡಿಯ ಪುಡಿ 250 ಗ್ರಾಮ್, ಅಷ್ಟೇ ತೂಕದ ಮರಳು ಬೆರೆಸಿ, ಮೇಲಿನ ಮಡಲುಗಳ ಬುಡದ ಸಂದುಗಳಲ್ಲಿ ವರ್ಷಕ್ಕೆ ಮೂರು ಬಾರಿ, ಮೇ, ಸೆಪ್ಟೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ತುಂಬಿ. ಕಾಯಿ ಕೀಳಲು ಮರ ಹತ್ತುವವರಿಗೆ ಮೊದಲೇ ಹೇಳಿಟ್ಟರೆ ಪ್ರತ್ಯೇಕ ಕೂಲಿ ಉಳಿಯುತ್ತದೆ.

ತೂತಿನಲ್ಲಿ ಹಸಿ ನಾರು ಕಂಡರೆ ದುಂಬಿ ಒಳಗೆ ಇದೆ ಎಂದರ್ಥ. ಕೊಕ್ಕೆಯನ್ನು ನಿಧಾನವಾಗಿ ತೂರಿಸಿ ಅದನ್ನು ಎಳೆದು ತೆಗೆಯಿರಿ, ಆಮೇಲೆ ತೂತಿಗೆ ಹಿಂಡಿ ಮತ್ತು ಮರಳಿನ ಮಿಶ್ರಣ ತುಂಬಿ. ಕೊಕ್ಕೆಯನ್ನು ಬಲವಾಗಿ ತಿರುವಿ ಸುಳಿಯ ಮೊಳಕೆಯನ್ನೇ ಗಾಯ ಮಾಡಿದರೆ ಮರ ಉಳಿಯುವುದಿಲ್ಲ. ತೂತನ್ನು ತೆರೆದು ಬಿಡುವುದೂ ಅಷ್ಟೇ ಅಪಾಯ, ಏಕೆಂದರೆ ಕೆಂಪುಮೂತಿ ಹುಳು ಮೊಟ್ಟೆ ಇಡಲು ಹುಡುಕುವುದು ಇಂಥ ಹಸಿ ಗಾಯವನ್ನೇ. ಕುರುವಾಯಿಯಿಂದ ಸಾಯದ ಮರ ಅದರ ಹಿಂದೆ ಬಂದ ಕೆಂಪುಮೂತಿಯಿಂದ ಸಾಯುತ್ತದೆ.

ಹಿಡಿದ ದುಂಬಿಯ ಹಿಂಭಾಗವನ್ನು ನೋಡಿ. ಅಲ್ಲಿ ಕೆಂಗಂದು ರೋಮದ ಕುಚ್ಚು ಇದ್ದರೆ ಹೆಣ್ಣು. ಕೊಂಬಿನ ಉದ್ದವನ್ನು ಮಾತ್ರ ನೋಡಿ ಗಂಡು ಹೆಣ್ಣು ಹೇಳಲು ಹೋಗಬೇಡಿ, ಏಕೆಂದರೆ ಊಟ ಕಡಿಮೆಯಾಗಿ ಬೆಳೆದ ಗಂಡಿನ ಕೊಂಬೂ ಗಿಡ್ಡವಾಗಿರುತ್ತದೆ.

ಹಂತ 7: ಆಹಾರದ ಪರಿಣಾಮವನ್ನು ನೀವೇ ಅಳೆದು ನೋಡಿ

ಇದು ಕಡ್ಡಾಯವಲ್ಲ. ಆದರೆ ನಿಮ್ಮ ಮನೆಯ ಯಾವ ರಾಶಿ ಹೆಚ್ಚು ಅಪಾಯಕಾರಿ ಎಂದು ತಿಳಿಯಲು ಇದಕ್ಕಿಂತ ನೇರವಾದ ದಾರಿ ಇಲ್ಲ. ಶಾಲೆಯ ಪ್ರಾಜೆಕ್ಟಿಗೆ ವಿಷಯ ಕೇಳುವ ಅಧ್ಯಾಪಕರಿಗೂ ಇದೇ ನನ್ನ ಸಲಹೆ.

ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಗಳನ್ನು ತೆಗೆದುಕೊಂಡು ಗಾಳಿಯಾಡಲು ಸಣ್ಣ ತೂತು ಮಾಡಿ. ಅರೆಕೊಳೆತ ಹಟ್ಟಿಗೊಬ್ಬರ, ಕೊಳೆತ ತೆಂಗಿನ ಕಾಂಡದ ಪುಡಿ, ತರಗೆಲೆಯ ಗೊಬ್ಬರ, ಪೂರ್ತಿ ಕಳಿತು ಮಣ್ಣಿನಂತಾದ ಹಳೆಯ ಗೊಬ್ಬರ ಹೀಗೆ ನಾಲ್ಕು ಬಗೆಯ ಆಹಾರವನ್ನು ಆರಿಸಿ, ಒಂದೊಂದು ಬಗೆಗೆ ಕನಿಷ್ಠ ಐದು ಡಬ್ಬ ಇಡಿ. ಒಂದು ಡಬ್ಬಕ್ಕೆ ಒಂದೇ ಹುಳು. ಒಟ್ಟಿಗೆ ಹಾಕಿದರೆ ಅವು ಕಚ್ಚಾಡಿ ಗಾಯಗೊಳ್ಳುತ್ತವೆ. ಗಾಯದಿಂದ ಸತ್ತದ್ದನ್ನು ಆಹಾರದ ದೋಷವೆಂದು ತಪ್ಪಾಗಿ ಬರೆಯುವಂತಾಗುತ್ತದೆ. ಆರಂಭದಲ್ಲಿ ಎಲ್ಲ ಹುಳುಗಳೂ ಹೆಚ್ಚುಕಡಿಮೆ ಒಂದೇ ತೂಕದವಾಗಿರಬೇಕು. ಹಂತವನ್ನು ಮೈಯ ಉದ್ದದಿಂದ ಅಳೆಯದೆ ತಲೆಯ ಅಗಲದಿಂದ ಅಳೆಯಿರಿ. ಮೈ ಊಟದಿಂದ ಹಿಗ್ಗುತ್ತದೆ, ಹಸಿವಿನಿಂದ ಕುಗ್ಗುತ್ತದೆ. ಗಟ್ಟಿಯಾದ ತಲೆ ಮಾತ್ರ ಪೊರೆ ಕಳಚಿದಾಗಲೇ ದೊಡ್ಡದಾಗುತ್ತದೆ.

ಎಲ್ಲ ಡಬ್ಬಗಳಲ್ಲೂ ತೇವ ಒಂದೇ ಸಮ ಇರಲಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಸೋರಬಾರದು. ಈ ಸಮತೆ ತಪ್ಪಿದರೆ ನೀವು ಅಳೆಯುವುದು ಆಹಾರದ ಪರಿಣಾಮವಾಗದೆ ನೀರಿನ ಪರಿಣಾಮವಾಗುತ್ತದೆ. ಎರಡು ವಾರಕ್ಕೊಮ್ಮೆ ತೂಗಿ, ಬರೆದು, ಹಳೆಯ ಆಹಾರದ ಮುಕ್ಕಾಲು ಪಾಲನ್ನು ಮಾತ್ರ ಬದಲಿಸಿ. ಪೂರ್ತಿ ಬದಲಿಸಿದರೆ ಹುಳು ಒಗ್ಗಿಸಿಕೊಂಡ ಸೂಕ್ಷ್ಮಾಣುಗಳ ನೆಲೆ ತಪ್ಪುತ್ತದೆ. ಕೋಶದ ಗೂಡು ಕಟ್ಟಿದ ಮೇಲೆ ಡಬ್ಬವನ್ನು ಕೆದಕಬೇಡಿ. ದುಂಬಿಯಾದಾಗ ತೂಕ, ಉದ್ದ, ಕೊಂಬಿನ ಅಳತೆ ಬರೆದುಕೊಂಡು ಅವನ್ನು ಕೊಲ್ಲಲೇಬೇಕು. ಕರುಣೆಯಿಂದ ಹೊರಗೆ ಬಿಟ್ಟರೆ ಯಾರದೋ ತೋಟಕ್ಕೆ ನಷ್ಟ. ಕಾಸರಗೋಡಿನ ಕೂಡ್ಲಿನಲ್ಲಿ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿರುವ ಕೇಂದ್ರವಿದೆ. ಹುಳುವಿನ ಗುರುತು ಖಚಿತವಾಗದವರು ಅಥವಾ ಹಸಿರು ಬೂಷ್ಟು ಹಿಡಿದ ಹುಳು ಸಿಕ್ಕವರು ಅದನ್ನು ಸಣ್ಣ ಡಬ್ಬದಲ್ಲಿ ಹಾಕಿ ಅಲ್ಲಿಗೆ ಒಯ್ದು ತೋರಿಸಬಹುದು.

ಹಂತ 8: ಫಲವನ್ನು ಸರಿಯಾಗಿ ಓದಿ

ಇಷ್ಟೆಲ್ಲ ಮಾಡಿದರೂ ಮರದಲ್ಲಿ ಹೊಸ ತ್ರಿಕೋನ ಗುರುತಿನ ಮಡಲು ಬಿಡಿಸಿಕೊಂಡಿತು ಎಂದು ಎರಡನೇ ತಿಂಗಳಲ್ಲಿಯೇ ಬೇಸತ್ತು ಕೈಬಿಡುವವರು ಹಲವರು. ಸುಳಿಯಲ್ಲಿ ಮಡಿಚಿಕೊಂಡಿರುವಾಗ ಆದ ಗಾಯ ಕಣ್ಣಿಗೆ ಕಾಣುವುದು ಅದು ತಿಂಗಳುಗಳ ಬಳಿಕ ಬಿಡಿಸಿಕೊಂಡಾಗ. ಹಾಗಾಗಿ ಇಂದು ಕಾಣುವ ಗುರುತು ಹಿಂದೆ ಬಂದು ಹೋದ ದುಂಬಿಯದ್ದು. ಕೆಲಸ ಆರಂಭಿಸಿದ ದಿನ, ಎಟುಕುವ ಹತ್ತು ಮರಗಳನ್ನು ಆರಿಸಿ, ಪೂರ್ತಿ ಬಿಡಿಸಿಕೊಂಡ ಅತ್ಯಂತ ಹೊಸ ಮಡಲಿಗೆ ಬಣ್ಣದ ಗುರುತು ಹಾಕಿ. ಒಳ್ಳೆಯ ಆರೈಕೆಯ ತೆಂಗಿನ ಮರ ವರ್ಷಕ್ಕೆ 12ರಿಂದ 14 ಮಡಲು ಬಿಡುತ್ತದೆ, ಅಂದರೆ ಸುಮಾರಾಗಿ ತಿಂಗಳಿಗೊಂದು. ಆ ಗುರುತಿನ ಮೇಲೆ ಬಂದ ಮಡಲುಗಳಲ್ಲಿ ಮೊದಲಿನ ಕೆಲವನ್ನು ಬಿಟ್ಟು, ಆರನೆಯದರಿಂದ ಮುಂದಿನವುಗಳಲ್ಲಿ ಗಾಯಗೊಂಡವು ಎಷ್ಟು ಎಂದು ಎಣಿಸಿ, ಮೊದಲ ಹಂತದಲ್ಲಿ ಗುಂಡಿಯ ಹುಳುಗಳನ್ನು ಬರೆದಿಟ್ಟ ಅದೇ ನೋಟುಪುಸ್ತಕದಲ್ಲಿ, ಆ ಲೆಕ್ಕದ ಪಕ್ಕದಲ್ಲಿಯೇ ಬರೆಯಿರಿ.